ನೋಟದ ಸೊಬಗೂ ಆಟದ ಸೊಗಸೂ

ಮನೆಯಲ್ಲಿ ಉಂಡಾಗ ವಿಶೇಷವೇನೂ ಎನಿಸದ ಮೊಸರನ್ನದ ಬುತ್ತಿಯನ್ನು ಹೊಳೆಯ ದಂಡೆಯಲ್ಲಿ ಮರದ ನೆರಳಿಗೆ ಕುಳಿತು ಬಿಚ್ಚಿದಾಗ ಅದು ಅಮೃತವೆನಿಸುವುದು ಎಲ್ಲರಿಗೂ ಅನುಭವವಿರುವ ಸಂಗತಿ. ಅನ್ನ ಅದೇ, ಮೊಸರು ಅದೇ, ಕಲಸಿದ ಕೈಯೂ ಅದೇ. ಬದಲಾದುದು ಸುತ್ತಲಿನ ನೋಟ. ಹಾಗಾದರೆ ನಾವು ಮೆಚ್ಚಿದುದು ಬುತ್ತಿಯನ್ನೋ ಹೊಳೆಯನ್ನೋ? ಊರಿಗೆ ಮರಳಿ, "ಬುತ್ತಿ ಬಹಳ ರುಚಿಯಾಗಿತ್ತು" ಎಂದು ಹೇಳುವಾಗ ಹೊಳೆಗೆ ಸಲ್ಲಬೇಕಾದ ಮೆಚ್ಚಿಕೆಯಲ್ಲಿ ಒಂದು ಪಾಲನ್ನು ಅನ್ನಕ್ಕೆ ಸಲ್ಲಿಸುತ್ತಿರುವೆವೆ?

ಪ್ರಶ್ನೆ ವಿನೋದದ್ದಾಗಿ ಕಂಡರೂ ಅದರ ಹಿಂದೆ ಮನಶ್ಶಾಸ್ತ್ರದ ಗಹನವಾದ ವಿಷಯವೊಂದು ಅಡಗಿದೆ. ಒಂದು ವಸ್ತುವಿನ ಗುಣವನ್ನು ನಾವು ಅಳೆಯುವಾಗ ಅದರ ನೆರೆಯಲ್ಲಿರುವ ಇನ್ನೊಂದರ ಗುಣ ನಮಗೆ ತಿಳಿಯದಂತೆ ಆ ಅಳತೆಯೊಳಕ್ಕೆ ನುಸುಳುವುದುಂಟೆ? ನುಸುಳುವುದಾದರೆ ಅದನ್ನು ಬೇರ್ಪಡಿಸುವ ಬಗೆ ಹೇಗೆ? ಇದನ್ನು ವಿಚಾರಮಾಡಲು ಗಾಲ್ಫ್ ಆಟದಷ್ಟು ಅನುಕೂಲವಾದ ಉದಾಹರಣೆ ಬೇರೆ ದೊರೆಯುವುದು ಕಷ್ಟ. ಟೆನಿಸ್, ಹಾಕಿ, ಬ್ಯಾಡ್ಮಿಂಟನ್ ಮೊದಲಾದ ಆಟಗಳ ಅಂಕಣಗಳಿಗೆ ಗೊತ್ತುಮಾಡಿದ ಅಳತೆಯುಂಟು. ಒಂದೂರಿನ ಅಂಕಣಕ್ಕೂ ಇನ್ನೊಂದೂರಿನ ಅಂಕಣಕ್ಕೂ ಆಕಾರದಲ್ಲಿ ಭೇದವಿಲ್ಲ. ಗಾಲ್ಫಿಗಾದರೋ ಅಂಥ ಕಟ್ಟಳೆಯಿಲ್ಲ. ಬೆಟ್ಟದ ಇಳಿಜಾರು, ಕಡಲ ತಡಿ, ಊರ ನಡುವಣ ಬಯಲು, ಯಾವ ನೆಲವಾದರೂ ಅದಕ್ಕೆ ಅಂಗಳವಾಗಬಲ್ಲುದು. ಆದುದರಿಂದ ಆಟದ ದೃಷ್ಟಿಯಿಂದ ತೀರ ಸಾಧಾರಣವಾದ ಮೈದಾನವೊಂದು ಅತ್ಯಂತ ರಮಣೀಯವಾದ ಸ್ಥಳದಲ್ಲಿರುವುದೂ, ಅತ್ಯುತ್ತಮವಾದ ಮೈದಾನವೊಂದು ಬೋಳು ಬಯಲಿನಲ್ಲಿರುವುದೂ ಸಾಧ್ಯ. ಹೀಗೆ ಎರಡು ಗುಣಗಳು ಬೇರೆಬೇರೆಯಾಗಿ ದೊರೆಯುವಲ್ಲಿ ಮಾತ್ರ ಯಾವುದರ ಪ್ರಭಾವ ಎಷ್ಟೆಂದು ಶೋಧಿಸಲು ಬರುತ್ತದೆ. ಗಾಲ್ಫ್ ಕೋಲನ್ನು ಕೈಯಿಂದ ಮುಟ್ಟದ ವಾಚಕರಿಗೂ ಈ ಶೋಧನೆ ಉಪಯುಕ್ತವೆಂಬುದು ಮುಂದೆ ಸ್ಪಷ್ಟವಾಗುವುದು.

ನಾಲ್ಕು ಗಂಟೆಯಲ್ಲಿ ಎರಡೂವರೆ ನಿಮಿಷ

ಮೊದಲು ಆಟದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ೪೨.೬೭ ಮಿಲಿಮೀಟರಿಗೆ ಕಡಮೆಯಿಲ್ಲದ ವ್ಯಾಸವೂ ೪೫.೯೩ ಗ್ರಾಮಿಗೆ ಮೀರದ ತೂಕವೂ ಇರುವ ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆದು, ದೂರದಲ್ಲಿರುವ ೧೦೮ ಮಿಲಿಮೀಟರ್ ಅಗಲದ ಕುಳಿಯೊಳಕ್ಕೆ ಎಷ್ಟು ಕಡಮೆ ಹೊಡೆತಗಳಲ್ಲಿ ಸಾಧ್ಯವೋ ಅಷ್ಟರಲ್ಲಿ ಬೀಳಿಸುವುದೇ ಗಾಲ್ಫ್. ಹೊಡೆತ ಆರಂಭವಾಗುವ ಜಾಗಕ್ಕೆ 'ಟೀ' ಎಂದೂ, ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ 'ಗ್ರೀನ್' ಎಂದೂ, ನಡುವೆ ಚೆಂಡನ್ನು ನುಂಗಲು ಕಾದಿರುವ ಮರಳುಗುಂಡಿಗಳಿಗೆ 'ಬಂಕರ್' ಎಂದೂ ಹೆಸರು. ಟೀಯಿಂದ ಕುಳಿಯವರೆಗಿನ ಒಂದು ಹಾದಿಯನ್ನು ಆಟಗಾರರು 'ಹೋಲ್' ಎನ್ನುತ್ತಾರೆ. ಇಂಥ ಹದಿನೆಂಟು ಹೋಲುಗಳು ಸೇರಿದರೆ ಒಂದು ಪೂರ್ಣವಾದ ಸುತ್ತು. ನಮ್ಮ ನಾಡಿಗೆ ಈ ಆಟ ಹೊಸತೇನಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಲ್ಲಿಯೂ, ಕಲ್ಕತ್ತೆಯ ರಾಯಲ್ ಕ್ಲಬ್ಬು ೧೮೨೯ರಲ್ಲಿಯೂ ಸ್ಥಾಪಿತವಾದವು. ಬ್ರಿಟಿಷ್ ದ್ವೀಪಗಳ ಹೊರಗೆ ಕಲ್ಕತ್ತೆಯ ಕ್ಲಬ್ಬಿನಷ್ಟು ಹಳೆಯದು ಬೇರೊಂದಿಲ್ಲವೆನ್ನುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ಸಾಧಾರಣ ಆಟಗಾರನೊಬ್ಬ ಒಂದು ಸುತ್ತಿಗೆ ೧೦೦ ಹೊಡೆತಗಳನ್ನು ತೆಗೆದುಕೊಂಡನೆಂದೂ ಅದಕ್ಕೆ ನಾಲ್ಕು ಗಂಟೆ ಹಿಡಿಯಿತೆಂದೂ ಇಟ್ಟುಕೊಳ್ಳೋಣ. ಕೋಲನ್ನು ಹಿಂದಕ್ಕೆತ್ತಿ ಬೀಸಿ ಮುಗಿಸಲು ಸುಮಾರು ಒಂದೂವರೆ ಸೆಕೆಂಡು ಸಾಕು. ನೂರು ಹೊಡೆತಗಳಿಗೆ ೧೫೦ ಸೆಕೆಂಡು, ಎಂದರೆ ಎರಡೂವರೆ ನಿಮಿಷ. ಬಲವಾದ ಹೊಡೆತದಲ್ಲಿ ಕೋಲು ಚೆಂಡಿಗೆ ತಗುಲಿರುವ ಕಾಲವಂತೂ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಮಾತ್ರ. ನೂರು ಹೊಡೆತಗಳನ್ನೂ ಕೂಡಿಸಿದರೆ ಕಣ್ಣು ಒಮ್ಮೆ ಮಿಟುಕಿಸುವಷ್ಟು ಹೊತ್ತೂ ಆಗದು. ದೂರವನ್ನು ಅಂದಾಜುಮಾಡಿ, ಕೋಲನ್ನು ಆರಿಸಿ, ಕಾಲೂರಿ ನಿಂತು ಹೊಡೆಯಲು ಪ್ರತಿ ಸಾರಿಯೂ ಅರ್ಧ ನಿಮಿಷವೆಂದು ಧಾರಾಳವಾಗಿ ಲೆಕ್ಕ ಹಿಡಿದರೂ ೫೦ ನಿಮಿಷಗಳಾದುವು. ಉಳಿದ ಮೂರು ಗಂಟೆ ಹತ್ತು ನಿಮಿಷ ಆಟಗಾರ ಮಾಡುವುದೇನು? ನಡೆಯುತ್ತಾನೆ, ಜೊತೆಗಾರರೊಡನೆ ಮಾತನಾಡುತ್ತಾನೆ, ಮುಂದಿನವರು ಸರಿಯುವವರೆಗೆ ಕಾಯುತ್ತಾನೆ, ಸುತ್ತಲೂ ನೋಡುತ್ತಾನೆ.

ಕ್ರೀಡೆಯೆಂದು ನಾವು ಕರೆಯುವ ಈ ನಾಲ್ಕು ಗಂಟೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ವಾಸ್ತವವಾಗಿ ವಿಹಾರ. ವಿಹಾರಕ್ಕೆ ನೋಟವೇ ಜೀವಾಳ. ಆದುದರಿಂದ ಸುಂದರವಾದ ಪ್ರಕೃತಿಯಿಂದ ಗಾಲ್ಫಿನ ಸಂತೋಷ ಹೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯದ ಸಂಗತಿ ಬೇರೆ: ಆ ಸಂತೋಷವನ್ನು ಅನುಭವಿಸಿದವನು "ಎಂಥ ಸುಂದರವಾದ ಸ್ಥಳ" ಎಂದು ಹೇಳಿ ನಿಲ್ಲಿಸದೆ "ಎಂಥ ಉತ್ತಮವಾದ ಮೈದಾನ" ಎಂದು ಹೇಳಿಬಿಡುತ್ತಾನೆ.

ಎರಡು ಹೆಸರಾಂತ ಮೈದಾನಗಳು

ಉತ್ತಮವಾದ ಮೈದಾನವೆಂದರೆ ಏನು? ಅದು ಆಟಗಾರನ ಮುಂದೆ ಆಯ್ಕೆಗಳನ್ನಿಡುತ್ತದೆ. ಅಪಾಯವಾದರೂ ಹತ್ತಿರದ ದಾರಿಯೊಂದು, ಕ್ಷೇಮವಾದರೂ ಸುತ್ತಿನ ದಾರಿಯೊಂದು ಇರುತ್ತವೆ. ಒಂದು ಹೋಲಿನಂತೆ ಇನ್ನೊಂದಿರುವುದಿಲ್ಲ. ಗಾಳಿ ದಿಕ್ಕು ಬದಲಿಸಿದರೆ ನಿನ್ನೆಯ ಉಪಾಯ ಇಂದು ನಡೆಯದು. ಸಾಧಾರಣವಾದ ಮೈದಾನದಲ್ಲಿ ಇವು ಯಾವುವೂ ಇಲ್ಲ. ನೇರವಾಗಿ ಹೊಡೆ, ಮತ್ತೆ ನೇರವಾಗಿ ಹೊಡೆ, ಇಷ್ಟೇ ಅದರ ಬೋಧನೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ 'ಓಲ್ಡ್ ಕೋರ್ಸ್' ಜಗತ್ತಿನ ಅತಿ ಪುರಾತನವಾದ ಗಾಲ್ಫ್ ಮೈದಾನಗಳಲ್ಲೊಂದು. ಹದಿನೆಂಟು ಹೋಲುಗಳೆಂಬ ಸಂಖ್ಯೆಗೆ ಮೂಲ ೧೭೬೪ರಲ್ಲಿ ಇಲ್ಲಿ ಆದ ಏರ್ಪಾಟೇ. ಆದರೆ ಮೊದಲ ಸಲ ಬಂದವರ ಕಣ್ಣಿಗೆ ಇದು ಅಷ್ಟೇನೂ ಹಿತವಲ್ಲ. ಮರಗಳು ಹೆಚ್ಚಾಗಿಲ್ಲ, ದೂರದಿಂದ ಚಪ್ಪಟೆಯಾಗಿ ಕಾಣುವ ನೆಲ ಹತ್ತಿರ ಹೋದರೆ ಉಬ್ಬುತಗ್ಗುಗಳಿಂದ ತುಂಬಿದೆ, ಬಂಕರುಗಳಲ್ಲಿ ಹಲವು ಚೆಂಡು ಒಳಕ್ಕೆ ಬಿದ್ದ ಮೇಲೆಯೇ ಗೋಚರವಾಗುತ್ತವೆ. ೧೯೨೧ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಎಂಬ ಹತ್ತೊಂಬತ್ತು ವರ್ಷದ ತರುಣ ಇಲ್ಲಿಯ ಸ್ಪರ್ಧೆಗೆ ಬಂದನು. ಮೂರನೆಯ ಸುತ್ತಿನಲ್ಲಿ, ಹನ್ನೊಂದನೆಯ ಹೋಲಿನಲ್ಲಿ ಬೇಸತ್ತು ಸ್ಪರ್ಧೆಯನ್ನೇ ಬಿಟ್ಟುಕೊಟ್ಟನು. ಅದೇ ಜೋನ್ಸ್ ೧೯೨೭ರಲ್ಲಿ ಇಲ್ಲಿಯೇ ಗೆದ್ದನು; ೧೯೩೦ರಲ್ಲಿ ಮತ್ತೊಂದು ಮಹಾಸ್ಪರ್ಧೆಯನ್ನು ಇಲ್ಲಿಯೇ ಗೆದ್ದನು; ೧೯೫೮ರಲ್ಲಿ ಆ ಪಟ್ಟಣದವರು ಆತನಿಗೆ ಪೌರ ಗೌರವವನ್ನು ನೀಡಿದರು. ಮೈದಾನದ ನೋಟ ಬದಲಾಗಿರಲಿಲ್ಲ. ಅದರ ಗುಣವನ್ನು ತಿಳಿಯಲು ಆತನಿಗೆ ಕಾಲ ಬೇಕಾಯಿತು, ಅಷ್ಟೆ. ನೋಟದ ನೆರವಿಲ್ಲದ ಗುಣ ನಿಧಾನವಾಗಿ ತಿಳಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದಕ್ಕೆ ಎದುರಾಗಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ 'ಪೆಬಲ್ ಬೀಚ್' ಮೈದಾನವನ್ನು ನೋಡೋಣ. ಜ್ಯಾಕ್ ನೆವಿಲ್ ಮತ್ತು ಡಗ್ಲಸ್ ಗ್ರಾಂಟ್ ಎಂಬವರು ರೂಪಿಸಿದ ಇದು ೧೯೧೯ರಲ್ಲಿ ಆರಂಭವಾಯಿತು. ಶಾಂತಸಾಗರದ ಅಲೆಗಳು ಬಂಡೆಗಳಿಗೆ ಅಪ್ಪಳಿಸುವ ಕಡಿದಾದ ದಂಡೆಯ ಮೇಲೆಯೇ ಅದರ ಹಲವು ಹೋಲುಗಳಿವೆ. ಏಳನೆಯದರ ಉದ್ದ ಸುಮಾರು ನೂರು ಮೀಟರು ಮಾತ್ರ. ಅದನ್ನು ಎತ್ತಿ ಊರೊಂದರ ಬಯಲಿನಲ್ಲಿಟ್ಟರೆ ಬಾಲಕರೂ ಒಂದೇ ಹೊಡೆತದಲ್ಲಿ ಗ್ರೀನನ್ನು ಮುಟ್ಟಿಯಾರು. ಆದರೆ ಮೂರು ಕಡೆ ಕಡಲು, ಕೆಳಗೆ ನೊರೆ, ಮುಖಕ್ಕೆ ಬಡಿಯುವ ಗಾಳಿ, ಇವುಗಳ ನಡುವೆ ಅದು ಜಗತ್ತಿನಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಹೋಲುಗಳಲ್ಲೊಂದಾಗಿದೆ. ಹನ್ನೊಂದರಿಂದ ಹದಿನಾರರವರೆಗಿನ ಹೋಲುಗಳು ಕಡಲಿನಿಂದ ಒಳಕ್ಕೆ ಸರಿದಿವೆ. ನೋಡಿಬಂದವರು ಅವುಗಳ ವರ್ಣನೆಯನ್ನು ಮಾಡುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪೆಬಲ್ ಬೀಚಿನ ಕೀರ್ತಿಯೆಲ್ಲ ನೋಟದ ಕೀರ್ತಿಯೆಂದು ಹೇಳುವುದು ತಪ್ಪು. ಕಣ್ಣಿಗೆ ಹಬ್ಬವಾದ ಅದೇ ಕಡಲು ಗಾಳಿಯನ್ನೂ ಬೀಸುತ್ತದೆ. ದಾರಿ ತಪ್ಪಿದ ಚೆಂಡನ್ನು ನುಂಗುತ್ತದೆ. ಆ ಮೂಲಕ ಆಟವನ್ನು ನಿಜವಾಗಿ ಕಠಿಣಗೊಳಿಸುತ್ತದೆ. ಕೆಲವೆಡೆ ನೋಟವೂ ಆಟವೂ ಒಂದೇ ಬೇರಿನಿಂದ ಹುಟ್ಟುತ್ತವೆ. ನಮ್ಮ ಪ್ರಶ್ನೆ ಹುಟ್ಟುವುದು ಇಂಥ ಕಡೆಗಳಲ್ಲಲ್ಲ. ಬೆಟ್ಟ ದೂರದಲ್ಲಿ ನಿಂತು, ಆಟಕ್ಕೆ ಏನನ್ನೂ ಮಾಡದೆ, ಆದರೂ ಆಟಕ್ಕೆ ಹೊಗಳಿಕೆಯನ್ನು ಗಳಿಸಿಕೊಡುವ ಕಡೆಗಳಲ್ಲಿ.

ಪ್ರಭಾವಳಿಯ ಬೆಳಕು

ದೇವರ ವಿಗ್ರಹದ ಹಿಂದೆ ಪ್ರಭಾವಳಿಯನ್ನು ನಿಲ್ಲಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದು ವಿಗ್ರಹದ ಅಂಗವಲ್ಲ. ಆದರೂ ಅದರ ಹೊಳಪು ವಿಗ್ರಹದ ಮುಖಕ್ಕೆ ಕಳೆಯನ್ನು ತರುತ್ತದೆ. ಮನೋವಿಜ್ಞಾನಿಗಳು ಗುರುತಿಸಿರುವ ಒಂದು ದೋಷವನ್ನು 'ಪ್ರಭಾವಳಿ ಪರಿಣಾಮ' ಎಂದೇ ಕರೆಯಬಹುದು.

೧೯೨೦ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ವಿದ್ವಾಂಸರು ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದರು. ದೇಹದಾರ್ಢ್ಯ, ಬುದ್ಧಿಶಕ್ತಿ, ನಾಯಕತ್ವ, ಶೀಲ ಎಂಬ ಗುಣಗಳಿಗೆ ಬೇರೆಬೇರೆಯಾಗಿ ಅಂಕ ಕೊಡಬೇಕಾಗಿದ್ದಿತು. ಮೈಕಟ್ಟು ಚೆನ್ನಾಗಿರುವವನು ಬುದ್ಧಿವಂತನೂ ಆಗಿರಬೇಕೆಂಬ ನಿಯಮವೇನೂ ಇಲ್ಲ. ಆದರೂ ಒಂದು ಗುಣಕ್ಕೆ ಹೆಚ್ಚು ಅಂಕ ಪಡೆದವರು ಉಳಿದ ಗುಣಗಳಿಗೂ ಹೆಚ್ಚು ಅಂಕ ಪಡೆದಿದ್ದರು. ಗುಣಗಳ ನಡುವಣ ಈ ಹೊಂದಿಕೆ ನಿಜವಿರಲು ಸಾಧ್ಯವಿಲ್ಲದಷ್ಟು ಬಿಗಿಯಾಗಿದ್ದಿತು. ಅಧಿಕಾರಿಗಳು ಮನುಷ್ಯನನ್ನು ಒಟ್ಟಾಗಿ ಮೆಚ್ಚಿ ಅಥವಾ ಒಟ್ಟಾಗಿ ತಳ್ಳಿ, ಆ ಮೆಚ್ಚಿಕೆಯ ಬಣ್ಣವನ್ನೇ ಎಲ್ಲ ಗುಣಗಳಿಗೂ ಬಳಿದಿದ್ದರು.

೧೯೭೭ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬವರು ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ವಿದೇಶೀ ಉಚ್ಚಾರಣೆಯಿಂದ ಇಂಗ್ಲಿಷನ್ನಾಡುವ ಅಧ್ಯಾಪಕರೊಬ್ಬರ ಸಂದರ್ಶನವನ್ನು ಎರಡು ಬಗೆಯಾಗಿ ಚಿತ್ರಿಸಿ ವಿದ್ಯಾರ್ಥಿಗಳ ಎರಡು ತಂಡಗಳಿಗೆ ತೋರಿಸಲಾಯಿತು. ಒಂದರಲ್ಲಿ ಅಧ್ಯಾಪಕರು ಸ್ನೇಹಶೀಲರು, ಇನ್ನೊಂದರಲ್ಲಿ ಬಿಗುಮಾನದವರು. ಮನುಷ್ಯ ಒಬ್ಬನೇ, ಮುಖ ಒಂದೇ, ಉಚ್ಚಾರಣೆ ಒಂದೇ. ಆದರೆ ಸ್ನೇಹಶೀಲರನ್ನು ಕಂಡವರಿಗೆ ಅವರ ಮುಖ, ಹಾವಭಾವ, ಉಚ್ಚಾರಣೆ ಎಲ್ಲವೂ ಆಕರ್ಷಕವೆನಿಸಿದುವು. ಬಿಗುಮಾನದವರನ್ನು ಕಂಡವರಿಗೆ ಅವೇ ಕಿರಿಕಿರಿಯನ್ನುಂಟುಮಾಡಿದುವು. ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ ತಮ್ಮ ತೀರ್ಮಾನದ ಮೇಲೆ ಇಂಥ ಪ್ರಭಾವವಾಗಿದೆಯೆಂಬ ಅರಿವೇ ವಿದ್ಯಾರ್ಥಿಗಳಿಗೆ ಇರಲಿಲ್ಲ.

ಗಾಲ್ಫ್ ಆಟಗಾರನ ಸ್ಥಿತಿಯೂ ಇದೇ. ಹಿಮವಂತನ ಶಿಖರಗಳನ್ನು ನೋಡುತ್ತ ಆಡಿದವನಿಗೆ ಗ್ರೀನಿನ ಹುಲ್ಲು ನುಣುಪಾಗಿ, ಬಂಕರುಗಳು ಜಾಣತನದಿಂದ ಇಟ್ಟಂತೆ, ಹೋಲುಗಳು ವೈವಿಧ್ಯದಿಂದ ಕೂಡಿರುವಂತೆ ತೋರುವುದು ಸಹಜ. ಆತ ಸುಳ್ಳು ಹೇಳುತ್ತಿಲ್ಲ. ಆತನಿಗೆ ಹಾಗೆಯೇ ಕಾಣುತ್ತದೆ.

ಕಣ್ಣು ಇಂಥ ನೋಟವನ್ನೇಕೆ ಬಯಸುತ್ತದೆ?

ನೋಟಕ್ಕೆ ಇಷ್ಟು ಬಲ ಎಲ್ಲಿಂದ ಬಂದಿತು? ೧೯೭೫ರಲ್ಲಿ ಜೇ ಆಪಲ್ಟನ್ ಎಂಬ ಭೂಗೋಳ ಶಾಸ್ತ್ರಜ್ಞರು ಒಂದು ವಾದವನ್ನು ಮುಂದಿಟ್ಟರು. ತಾನು ಮರೆಯಲ್ಲಿದ್ದು ದೂರದವರೆಗೆ ನೋಡಬಲ್ಲ ಜಾಗವು ಆದಿಮಾನವನ ಪ್ರಾಣರಕ್ಷಣೆಗೆ ಅನುಕೂಲವಾಗಿದ್ದಿತು. ಬೇಟೆಯೂ ಕಾಣುವುದು, ಶತ್ರುವೂ ಕಾಣುವನು, ತಾನು ಮಾತ್ರ ಕಾಣೆ. ಅಂಥ ಜಾಗಗಳನ್ನು ಕಂಡಾಗ ಹಿತವೆನಿಸುವ ಸ್ವಭಾವ ನಮ್ಮಲ್ಲಿ ಉಳಿದುಬಂದಿದೆಯೆಂದು ಅವರ ಊಹೆ. ಇದು ಊಹೆಯೇ ಹೊರತು ಸಿದ್ಧವಾದ ಸತ್ಯವಲ್ಲ. ಆದರೂ ಗಾಲ್ಫ್ ಮೈದಾನದ ಎತ್ತರವಾದ ಟೀಯ ಮೇಲೆ ನಿಂತು ನೋಡಿದರೆ ಅದು ನೆನಪಿಗೆ ಬಾರದಿರದು. ಬೆನ್ನ ಹಿಂದೆ ಮರಗಳ ಗುಂಪು, ಮುಂದೆ ತೆರೆದ ಹುಲ್ಲುಗಾವಲು, ಅಲ್ಲಲ್ಲಿ ನೀರಿನ ಹೊಳಪು, ಅಂಚಿನಲ್ಲಿ ಮತ್ತೆ ಮರಗಳ ಸಾಲು!

ಮಿಚಿಗನ್ ವಿಶ್ವವಿದ್ಯಾನಿಲಯದ ರೇಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿಗಳ ವಿವರಣೆ ಬೇರೆ. ಓದುವಾಗ, ಲೆಕ್ಕ ಮಾಡುವಾಗ, ವಾಹನಗಳ ನಡುವೆ ರಸ್ತೆ ದಾಟುವಾಗ ನಾವು ಗಮನವನ್ನು ಬಲವಂತವಾಗಿ ಒಂದೆಡೆ ಹಿಡಿದಿಡಬೇಕು. ಹೀಗೆ ಹಿಡಿದ ಗಮನ ದಣಿಯುತ್ತದೆ. ಓಡುವ ಮೋಡ, ಅಲುಗುವ ಎಲೆ, ಹರಿಯುವ ನೀರು ಇವು ಗಮನವನ್ನು ಮೃದುವಾಗಿ ಸೆಳೆಯುತ್ತವೆಯೇ ವಿನಾ ದುಡಿಸುವುದಿಲ್ಲ; ಆ ಹೊತ್ತಿನಲ್ಲಿ ದಣಿದ ಶಕ್ತಿ ಚೇತರಿಸಿಕೊಳ್ಳುತ್ತದೆ. ೨೦೦೮ರಲ್ಲಿ ಅದೇ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಸುಮಾರು ಐವತ್ತು ನಿಮಿಷ ಸಸ್ಯೋದ್ಯಾನದಲ್ಲಿ ನಡೆದುಬಂದವರು, ಕೇಳಿದ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವ ಪರೀಕ್ಷೆಯಲ್ಲಿ ಮೊದಲಿಗಿಂತ ಮೇಲಾದರು. ಪೇಟೆಯ ಬೀದಿಯಲ್ಲಿ ನಡೆದುಬಂದವರಲ್ಲಿ ಅಂಥ ಲಾಭ ಕಾಣಲಿಲ್ಲ. ಕೊರೆಯುವ ಚಳಿಗಾಲದಲ್ಲಿ ನಡೆದವರಿಗೆ ನಡಿಗೆ ಅಷ್ಟೇನೂ ಹಿತವಾಗಿರಲಿಲ್ಲ. ಆದರೂ ಲಾಭ ದೊರೆಯಿತು.

ಪ್ರಕೃತಿಯ ನೋಟ ದೇಹಕ್ಕೂ ಒದಗುವುದೆಂದು ತೋರಿಸಿದ ಪ್ರಸಿದ್ಧವಾದ ಅಧ್ಯಯನವೊಂದನ್ನು ರೋಜರ್ ಉಲ್ರಿಚ್ ೧೯೮೪ರಲ್ಲಿ ಪ್ರಕಟಿಸಿದರು. ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ ೪೬ ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದುವು. ಉಳಿದ ಅರ್ಧ ಜನರಿಗೆ ಇಟ್ಟಿಗೆಯ ಗೋಡೆ. ಮರಗಳನ್ನು ನೋಡುತ್ತಿದ್ದವರು ಸರಾಸರಿ ೭.೯೬ ದಿನಗಳಲ್ಲಿಯೂ, ಗೋಡೆಯನ್ನು ನೋಡುತ್ತಿದ್ದವರು ೮.೭೦ ದಿನಗಳಲ್ಲಿಯೂ ಮನೆಗೆ ಮರಳಿದರು. ಮೊದಲಿನವರಿಗೆ ಬೇಕಾದ ತೀವ್ರವಾದ ನೋವುಶಾಮಕಗಳೂ ಕಡಮೆ. ರೋಗಿಗಳ ಸಂಖ್ಯೆ ಸಣ್ಣದೆಂಬುದನ್ನು ಮರೆಯಬಾರದು. ಆದರೂ ಆಟಗಾರನ ಸಂತೋಷ ಬರಿಯ ಭ್ರಾಂತಿಯಲ್ಲ, ಆತನ ಮೈಮನಗಳಿಗೆ ನಿಜವಾಗಿ ಏನೋ ಒಳಿತು ಆಗಿದೆಯೆಂದು ನಂಬಲು ಇವು ಆಧಾರ ನೀಡುತ್ತವೆ.

ನೆನಪು ಬರೆಯುವ ಲೆಕ್ಕ

ಇನ್ನೊಂದು ಸಂಗತಿಯೂ ಇದೆ. ನಾಲ್ಕು ಗಂಟೆಯ ಅನುಭವವನ್ನು ಮನಸ್ಸು ನಿಮಿಷ ನಿಮಿಷವಾಗಿ ಕೂಡಿಸಿ ನೆನಪಿಡುವುದಿಲ್ಲ. ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಒಂದು ಸಾರಿ ೧೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತಣ್ಣೀರಿನಲ್ಲಿ ೬೦ ಸೆಕೆಂಡು ಕೈಯದ್ದಿಟ್ಟರು. ಮತ್ತೊಂದು ಸಾರಿ ಅದೇ ೬೦ ಸೆಕೆಂಡುಗಳ ಮೇಲೆ ಇನ್ನೂ ೩೦ ಸೆಕೆಂಡು ಇಟ್ಟರು. ಈ ಕೊನೆಯ ಅವಧಿಯಲ್ಲಿ ನೀರನ್ನು ಮೆಲ್ಲಗೆ ೧೫ ಡಿಗ್ರಿಗೆ ಏರಿಸಲಾಯಿತು. ಯಾವುದನ್ನು ಮತ್ತೊಮ್ಮೆ ಅನುಭವಿಸುವಿರೆಂದು ಕೇಳಿದಾಗ ಹೆಚ್ಚು ಜನ ಉದ್ದವಾದುದನ್ನೇ ಆರಿಸಿಕೊಂಡರು! ಒಟ್ಟು ನೋವು ಹೆಚ್ಚಾಗಿದ್ದರೂ ಮುಕ್ತಾಯ ಸ್ವಲ್ಪ ಹಿತವಾಗಿದ್ದಿತು. ಅನುಭವದ ಶಿಖರವೂ ಕೊನೆಯೂ ನೆನಪಿನಲ್ಲಿ ಹೆಚ್ಚು ತೂಗುತ್ತವೆ. ಅವಧಿಗೆ ಅಷ್ಟು ತೂಕವಿಲ್ಲ.

ಈಗ ಪೆಬಲ್ ಬೀಚನ್ನು ಮತ್ತೆ ನೆನೆಯಿರಿ. ಕಡಲಿಗೆ ಚಾಚಿಕೊಂಡ ಏಳನೆಯ ಹೋಲ್ ಅನುಭವದ ಶಿಖರ. ಹದಿನೆಂಟನೆಯ ಹೋಲ್ ಉದ್ದಕ್ಕೂ ಕಡಲನ್ನು ಎಡಕ್ಕಿಟ್ಟುಕೊಂಡು ಸಾಗುತ್ತದೆ, ಅದೇ ಕೊನೆ. ಒಳನಾಡಿನ ಹೋಲುಗಳು ನಡುವೆ ಬಂದು ಹೋಗುತ್ತವೆ. ಸಾಧಾರಣ ಮೈದಾನವೊಂದಕ್ಕೂ ಒಂದೇ ಒಂದು ಬೆಟ್ಟದ ನೆತ್ತಿಯ ಟೀ ಇದ್ದರೆ ಸಾಕು. ಉಳಿದ ಹದಿನೇಳು ಹೋಲುಗಳ ಸಪ್ಪೆತನವನ್ನು ನೆನಪು ಮನ್ನಿಸಿಬಿಡುತ್ತದೆ.

ಇದೇ ಕಾರಣದಿಂದ ಒಮ್ಮೆ ಬಂದುಹೋಗುವ ಪ್ರವಾಸಿಯ ಮಾತಿಗೂ ವಾರ ವಾರವೂ ಆಡುವ ಸ್ಥಳೀಕನ ಮಾತಿಗೂ ಅಂತರವಿರುವುದು. ನೋಟದ ಹೊಸತನ ಬಳಕೆಯಿಂದ ಸವೆಯುತ್ತದೆ. ಜೋಗದ ಬಳಿಯಲ್ಲಿ ಮನೆಯಿದ್ದವರು ದಿನವೂ ಜಲಪಾತದ ಮುಂದೆ ಬೆರಗಾಗಿ ನಿಲ್ಲುವುದಿಲ್ಲ. ಪ್ರಭಾವಳಿಯ ಬೆಳಕು ಮಂದವಾದಾಗ ಸ್ಥಳೀಕನಿಗೆ ಆಟದ ಗುಣ, ಅವಗುಣಗಳೆರಡೂ ಕಾಣಲು ತೊಡಗುತ್ತವೆ.

ಕಣ್ಣಿಗೂ ಮೋಸ

ನೋಟ ಮನಸ್ಸನ್ನು ಮಾತ್ರವಲ್ಲ, ಕಣ್ಣಿನ ಅಳತೆಯನ್ನೂ ಕದಲಿಸಬಲ್ಲುದು. ಲಡಾಖಿನ ಲೇಹ್ ಪಟ್ಟಣದ ಸಮೀಪದಲ್ಲಿ 'ಅಯಸ್ಕಾಂತ ಬೆಟ್ಟ'ವೆಂದು ಹೆಸರಾದ ರಸ್ತೆಯೊಂದಿದೆ. ನಿಲ್ಲಿಸಿದ ವಾಹನ ಅಲ್ಲಿ ತಾನಾಗಿ ಏರುಮುಖವಾಗಿ ಉರುಳುವಂತೆ ತೋರುತ್ತದೆ. ಅಲ್ಲಿರುವುದು ಅಯಸ್ಕಾಂತವಲ್ಲ, ದೃಷ್ಟಿಭ್ರಮೆ. ದಿಗಂತದ ಸಮರೇಖೆ ಮರೆಯಾದಾಗ ಕಣ್ಣು ಸುತ್ತಲಿನ ಇಳಿಜಾರುಗಳನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ. ಆಗ ನಿಜವಾದ ಇಳಿಜಾರು ಏರಿನಂತೆ ಕಾಣುತ್ತದೆ. ಬೆಟ್ಟಗಳ ನಡುವಣ ಗ್ರೀನುಗಳಲ್ಲಿಯೂ ಇದೇ ತೊಡಕು. ಮಟ್ಟಸವಾಗಿ ಕಾಣುವ ಹುಲ್ಲಿನ ಮೇಲೆ ಚೆಂಡು ಪಕ್ಕಕ್ಕೆ ಸರಿಯುತ್ತದೆ. "ಚೆಂಡು ಬೆಟ್ಟದಿಂದ ದೂರ ಹೋಗುತ್ತದೆ" ಎಂದು ಅನುಭವಸ್ಥರು ಹೇಳುವ ಮಾತಿನಲ್ಲಿ ಮಾಯೆಯೇನೂ ಇಲ್ಲ. ಬೆಟ್ಟದ ಬುಡದ ನೆಲ ಸಾಮಾನ್ಯವಾಗಿ ಬೆಟ್ಟದಿಂದ ಹೊರಕ್ಕೆ ಇಳಿದಿರುತ್ತದೆ. ಹಿಂದಿನ ಕಡಿದಾದ ಬೆಟ್ಟದೊಡನೆ ಹೋಲಿಸಿದ ಕಣ್ಣು ಆ ಸಣ್ಣ ಇಳಿಜಾರನ್ನು ಇಲ್ಲವೆಂದೇ ಎಣಿಸುತ್ತದೆ.

ಕಾಶ್ಮೀರದ ಗುಲ್ಮಾರ್ಗದಲ್ಲಿ ಸಮುದ್ರಮಟ್ಟದಿಂದ ಸುಮಾರು ೨,೬೫೦ ಮೀಟರ್ ಎತ್ತರದಲ್ಲಿ ಗಾಲ್ಫ್ ಮೈದಾನವೊಂದಿದೆ. ಸುತ್ತಲೂ ದೇವದಾರು ಜಾತಿಯ ಮರಗಳು, ಅವುಗಳಾಚೆ ಹಿಮಶಿಖರಗಳು. ಅಷ್ಟು ಎತ್ತರದಲ್ಲಿ ವಾಯುವಿನ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಮುಕ್ಕಾಲು ಪಾಲು ಮಾತ್ರ. ಚೆಂಡಿಗೆ ಗಾಳಿಯ ತಡೆ ಕಡಮೆಯಾಗುವುದರಿಂದ ಅದೇ ಹೊಡೆತಕ್ಕೆ ಅದು ಹೆಚ್ಚು ದೂರ ಹೋಗುತ್ತದೆ. ಬಯಲುಸೀಮೆಯಿಂದ ಬಂದ ಆಟಗಾರ ತನ್ನ ಕೈ ಇಂದು ಚೆನ್ನಾಗಿ ಕುದುರಿತೆಂದು ಹಿಗ್ಗುತ್ತಾನೆ. ಆ ಹಿಗ್ಗಿನಲ್ಲಿ ತೋಳಿನ ಪಾಲೆಷ್ಟು, ತೆಳುವಾದ ಗಾಳಿಯ ಪಾಲೆಷ್ಟು, ಹಿಮಶಿಖರಗಳ ಪಾಲೆಷ್ಟು? ಸಂತೋಷಕ್ಕೆ ಮೂಲ ಹಲವು. ಅದು ಬಂದು ಸೇರುವ ಕೊಡ ಮಾತ್ರ ಒಂದೇ.

ಬೇರ್ಪಡಿಸುವ ಬಗೆ

ಈ ಕೊಡದ ನೀರನ್ನು ಮೂಲಗಳಿಗೆ ಹಂಚಿ ತೋರಿಸಲು ಸಾಧ್ಯವೆ? ಗುಲ್ಮಾರ್ಗದಂಥ ಮೈದಾನದಲ್ಲಿ ಮಂಜು ಕವಿದ ದಿನವೂ ತಿಳಿಯಾದ ದಿನವೂ ಆಡಿದವರನ್ನು ಕೇಳಿ ನೋಡಬಹುದೆಂದು ವಾಚಕರಿಗೆ ತೋಚಬಹುದು. ಮೈದಾನ ಅದೇ, ಶಿಖರಗಳು ಮಾತ್ರ ಮರೆ. ಉಪಾಯ ಚೆನ್ನಾಗಿದೆ, ಆದರೆ ಮಂಜು ಶಿಖರಗಳೊಡನೆ ಕುಳಿಯ ಬಾವುಟವನ್ನೂ ಮರೆಮಾಡುತ್ತದೆ, ಹುಲ್ಲನ್ನು ಒದ್ದೆಮಾಡಿ ಚೆಂಡಿನ ಓಟವನ್ನು ತಗ್ಗಿಸುತ್ತದೆ. ನೋಟವನ್ನು ತೆಗೆಯಲು ಹೋಗಿ ಆಟವನ್ನೂ ಬದಲಿಸಿದಂತಾಯಿತು. ಒಂದೇ ಕಾರಣವನ್ನು ಬದಲಿಸಿ ಉಳಿದುವನ್ನೆಲ್ಲ ಹಾಗೆಯೇ ಇಡುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ತರಗತಿಯಲ್ಲಿಯೇ ಮಾಡಬಹುದಾದ ಇನ್ನೊಂದು ಉಪಾಯವಿದೆ. ಒಂದು ಹೋಲಿನ ನಕ್ಷೆಯನ್ನು ಬರೆದು, ಅದರ ಪ್ರತಿಗಳಲ್ಲಿ ಅರ್ಧದ ಮೇಲುಗಡೆ ಪರ್ವತದ ಚಿತ್ರವನ್ನೂ ಉಳಿದ ಅರ್ಧದ ಮೇಲುಗಡೆ ಗೋದಾಮಿನ ಗೋಡೆಯ ಚಿತ್ರವನ್ನೂ ಅಂಟಿಸಿರಿ. ನಕ್ಷೆಯಲ್ಲಿ ಒಂದು ಗೆರೆಯೂ ಬೇರೆಯಾಗಿರಕೂಡದು. ಯಾರಿಗೆ ಯಾವ ಪ್ರತಿ ಎಂಬುದನ್ನು ನಾಣ್ಯ ಚಿಮ್ಮಿ ನಿಶ್ಚಯಿಸಿ, ಹೋಲಿನ ರಚನೆಗೆ ಹತ್ತಕ್ಕೆ ಎಷ್ಟು ಅಂಕವೆಂದು ಕೇಳಿರಿ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸಿರಿ. ಅಂತರ ಕಂಡುಬಂದರೆ, ಅದು ಬರಿಯ ಆಕಸ್ಮಿಕವಲ್ಲವೆಂದು ಹೇಳಲು ಎಷ್ಟು ಜನ ಬೇಕೆಂಬುದನ್ನೂ ಗಣಿತದ ಅಧ್ಯಾಪಕರೊಡನೆ ಚರ್ಚಿಸಿರಿ.

ಮೂಲವನ್ನು ಹೆಸರಿಸುವುದೇ ಅದರ ಮೋಸಕ್ಕೆ ಮದ್ದಾಗಬಹುದೆಂದು ಹೇಳಿದ ಪ್ರಯೋಗವೂ ಉಂಟು. ೧೯೮೩ರಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ ಎಂಬವರು ಪ್ರಕಟಿಸಿದಂತೆ, ದೂರವಾಣಿಯಲ್ಲಿ ಪ್ರಶ್ನಿಸಲ್ಪಟ್ಟ ಜನರು ಬಿಸಿಲಿನ ದಿನ ತಮ್ಮ ಜೀವನದ ಬಗ್ಗೆ ಹೆಚ್ಚು ತೃಪ್ತಿಯನ್ನೂ ಮಳೆಯ ದಿನ ಕಡಮೆ ತೃಪ್ತಿಯನ್ನೂ ಸೂಚಿಸಿದರು. ಆದರೆ ಮೊದಲು ಹವೆಯ ವಿಚಾರವನ್ನು ಪ್ರಸ್ತಾಪಿಸಿದಾಗ ಈ ಭೇದ ಮಾಯವಾಯಿತು. ಮುಂದೆ ಬಹುಸಂಖ್ಯೆಯ ಜನರನ್ನು ಒಳಗೊಂಡ ಸಮೀಕ್ಷೆಗಳಲ್ಲಿ ಹವೆಯ ಪ್ರಭಾವ ಅಷ್ಟು ಖಚಿತವಾಗಿ ಕಂಡುಬರಲಿಲ್ಲವಾದ್ದರಿಂದ ಇದನ್ನು ಅಂತಿಮವೆಂದು ಹಿಡಿಯಲಾಗದು. ಆದರೂ ಅಳೆಯುವ ಮೊದಲು "ನನ್ನ ಮನಸ್ಸನ್ನು ಈಗ ಯಾವುದು ಹಿತಗೊಳಿಸಿದೆ?" ಎಂದು ಕೇಳಿಕೊಳ್ಳುವುದರಿಂದ ನಷ್ಟವಂತೂ ಇಲ್ಲ.

ಹಾಗಾದರೆ ಸಂತೋಷ ಸುಳ್ಳೆ?

ಇಷ್ಟೆಲ್ಲವನ್ನೂ ಓದಿ, ನೋಟದಿಂದ ಬಂದ ಸಂತೋಷವನ್ನು ಕಳೆದುಹಾಕಬೇಕಾದ ಕಲಬೆರಕೆಯೆಂದು ಭಾವಿಸುವುದು ಸರಿಯಲ್ಲ. ಅಲಿಸ್ಟರ್ ಮೆಕೆಂಝಿ ಎಂಬ ವೈದ್ಯರು ಬೋಯರ್ ಯುದ್ಧದಲ್ಲಿ ಶಸ್ತ್ರವೈದ್ಯರಾಗಿದ್ದಾಗ ಶತ್ರುಗಳು ನೆಲದ ಸಹಜವಾದ ಆಕಾರವನ್ನೇ ಮರೆಯಾಗಿ ಬಳಸುವುದನ್ನು ಗಮನಿಸಿದರು. ಮುಂದೆ ವೈದ್ಯವೃತ್ತಿಯನ್ನು ಬಿಟ್ಟು ಗಾಲ್ಫ್ ಮೈದಾನಗಳ ಶಿಲ್ಪಿಯಾದರು. ಥಾರ್ನ್‌ಡೈಕರ ಲೇಖನ ಬಂದ ೧೯೨೦ರಲ್ಲಿಯೇ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಉತ್ತಮವಾದ ಮೈದಾನದ ಹದಿಮೂರು ಲಕ್ಷಣಗಳನ್ನು ಪಟ್ಟಿಮಾಡಿದರು. ಸುತ್ತಲಿನ ಪ್ರದೇಶ ಸುಂದರವಾಗಿರಬೇಕು, ಮನುಷ್ಯ ನಿರ್ಮಿಸಿದ್ದು ಪ್ರಕೃತಿಯದೇ ಎಂಬಂತೆ ತೋರಬೇಕು ಎಂಬುದೂ ಅವುಗಳಲ್ಲಿ ಒಂದು. ಅದು ಹದಿಮೂರರಲ್ಲಿ ಒಂದೆಂಬುದನ್ನು ಗಮನಿಸಿರಿ. ಉಳಿದ ಹನ್ನೆರಡರ ಕೆಲಸವನ್ನು ಅದೊಂದೇ ಮಾಡಲಾರದು. ಅಮೆರಿಕದ ಆಗಸ್ಟ ಎಂಬಲ್ಲಿ ಹಳೆಯ ಸಸ್ಯಪಾಲನೆಯ ತೋಟವೊಂದನ್ನು ಇದೇ ಮೆಕೆಂಝಿಯವರೂ, ಸೇಂಟ್ ಆಂಡ್ರೂಸನ್ನು ಮೊದಲು ತೊರೆದು ಬಳಿಕ ಒಲಿದ ಅದೇ ಬಾಬಿ ಜೋನ್ಸರೂ ಸೇರಿ ಮೈದಾನವಾಗಿ ರೂಪಿಸಿದರು. ಅದರ ಪ್ರತಿಯೊಂದು ಹೋಲಿಗೂ ಗಿಡಮರಗಳ ಹೆಸರನ್ನಿಟ್ಟಿದ್ದಾರೆ.

ಆದುದರಿಂದ ನೋಟದ ಸಂತೋಷ ಸುಳ್ಳಲ್ಲ. ಅದಕ್ಕೆ ನಾವು ಅಂಟಿಸುವ ಚೀಟಿ ಮಾತ್ರ ತಪ್ಪಾಗಬಹುದು. ಚೀಟಿ ತಪ್ಪಿದರೆ ಫಲವೂ ತಪ್ಪುತ್ತದೆ. ಬೆಟ್ಟದಿಂದ ಬಂದ ಹೊಗಳಿಕೆಯನ್ನು ಮೈದಾನಕ್ಕೆ ಸಲ್ಲಿಸಿದವರು, ಮೈದಾನವನ್ನು ಹಿಗ್ಗಿಸಲು ಬೆಟ್ಟದ ಮರಗಳನ್ನು ಕಡಿಯುವುದಕ್ಕೂ ಹಿಂಜರಿಯಲಾರರು. ಸಂತೋಷದ ಬುಡಕ್ಕೆ ಕೊಡಲಿ ಬಿದ್ದುದು ಬಳಿಕವೇ ಅವರಿಗೆ ತಿಳಿದೀತು. ಅಂದವಾದ ಅಕ್ಷರಕ್ಕೆ ಮನಸೋತ ಪರೀಕ್ಷಕ ಉತ್ತರದ ತಪ್ಪನ್ನು ಗಮನಿಸದೆ ಹೋಗಬಹ‍ುದು. ವಕ್ರವಾದ ಅಕ್ಷರದ ಹುಡುಗನ ಸರಿಯುತ್ತರ ಸೊರಗಬಹುದು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಹಾಕುವುದೂ, ಒಬ್ಬನ ಪತ್ರಿಕೆಯನ್ನು ಪೂರ್ತಿಯಾಗಿ ನೋಡುವ ಬದಲು ಎಲ್ಲರ ಮೊದಲನೆಯ ಉತ್ತರವನ್ನು ನೋಡಿ ಬಳಿಕ ಎಲ್ಲರ ಎರಡನೆಯದಕ್ಕೆ ಹೋಗುವುದೂ ಈ ಪ್ರಭಾವಳಿಯನ್ನು ಮರೆಮಾಡುವ ಸಾಧನಗಳು.

ಆಟಗಾರನಿಗೂ ನಾವು ಹೇಳಬಹುದಾದ ಮಾತು ಇಷ್ಟೆ. ಮನೆಗೆ ಮರಳಿದ ಮೇಲೆ ಒಂದು ಕಾಗದವನ್ನು ಎರಡು ಕಲಮುಗಳಾಗಿ ಭಾಗಿಸಿ, ಒಂದರಲ್ಲಿ ನೋಟಕ್ಕೂ ಇನ್ನೊಂದರಲ್ಲಿ ಆಟಕ್ಕೂ ಪ್ರತ್ಯೇಕವಾಗಿ ಅಂಕಗಳನ್ನು ಬರೆಯಲಿ. ಎರಡನೆಯ ಕಲಮಿನಲ್ಲಿ ಬರೆಯುವಾಗ ಕಣ್ಣು ಮುಚ್ಚಿ, ಬೆಟ್ಟವನ್ನು ಅಳಿಸಿ, ಆ ಮೈದಾನವನ್ನು ಬೋಳು ಬಯಲಿನಲ್ಲಿಟ್ಟು ನೋಡಲಿ. ಮೊದಲನೆಯ ಕಲಮಿನಲ್ಲಿ ಬರೆಯುವಾಗಲಾದರೋ ಜಿಪುಣತನ ಬೇಡ. ಮೂರು ಗಂಟೆ ಹತ್ತು ನಿಮಿಷಗಳ ಕಾಲ ಆ ಬೆಟ್ಟ ಆತನಿಗೆ ಜೊತೆಯಾಗಿದ್ದಿತು.